ಜಾತ್ರೆ ಮುಗಿದರೂ ಇಳಿಯದ ಫ್ಲೆಕ್ಸ್: ನಾವೇ ಬಿಚ್ಚಬಹುದೇ?

ಪ್ರಶ್ನೆ: ಶಿರಸಿಯಲ್ಲಿ ನಮ್ಮ ಮನೆ ತಿರುವಿನ ಕರೆಂಟ್ ಕಂಬಕ್ಕೂ ಪಕ್ಕದ ಮರಕ್ಕೂ ಸೇರಿಸಿ ಶುಭಾಶಯದ ಫ್ಲೆಕ್ಸ್ ಕಟ್ಟಿದ್ದಾರೆ. ಮಾರಿಕಾಂಬಾ ಜಾತ್ರೆ ಮುಗಿದು ತಿಂಗಳಾಯಿತು. ಎದುರಿನಿಂದ ಬರುವ ಗಾಡಿಯೂ ಕಾಣುವುದಿಲ್ಲ. ನಾವೇ ಬಿಚ್ಚಬಹುದೇ?

ಉತ್ತರ: ಕಂಬದ ಕಡೆ ಕೈ ಹಾಕಲೇಬೇಡಿ. ಫ್ಲೆಕ್ಸ್ ಕಟ್ಟುವುದು ಬೈಂಡಿಂಗ್ ವೈರಿನಿಂದ. ಬಿಚ್ಚುವಾಗ ಅದರ ತುದಿ ಚಿಮ್ಮಿ ಮೇಲಿನ ತಂತಿಗೆ ತಾಗಿದರೆ ಜೀವಕ್ಕೇ ಅಪಾಯ. ಮಳೆಗಾಲದಲ್ಲಿ ಒದ್ದೆಯಾದ ಮರದ ರೀಪಿನಲ್ಲೂ ಕರೆಂಟ್ ಹರಿಯುತ್ತದೆ. ಫ್ಲೆಕ್ಸ್ ಗಾಳಿಗೆ ಹರಿದು ತಂತಿಗೆ ಸಿಕ್ಕಿಕೊಂಡಿದ್ದರೆ ಅರ್ಜಿ, ಗಿರ್ಜಿ ಎಂದು ಕಾಯದೆ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಇಂಥ ದೂರುಗಳು ಸಾಮಾನ್ಯವಾಗಿ ಸೋಲುವುದು ಒಂದೇ ಕಚೇರಿಗೆ ಹೋಗುವುದರಿಂದ. ಕಂಬ ಹೆಸ್ಕಾಂನದು, ಜಾಹೀರಾತಿಗೆ ಅನುಮತಿ ಕೊಡುವುದು ನಗರಸಭೆ. ಅವರು ಇವರತ್ತ, ಇವರು ಅವರತ್ತ ಕೈ ತೋರಿಸುತ್ತಾರೆ. ಹಾಗಾಗಿ ಅರ್ಜಿಯನ್ನು ಪೌರಾಯುಕ್ತರಿಗೆ ಬರೆಯಿರಿ, ಕೊನೆಯಲ್ಲಿ ‘ಪ್ರತಿ: ಶಾಖಾಧಿಕಾರಿ, ಹೆಸ್ಕಾಂ’ ಎಂದು ಕಾಣಿಸಿ ಎರಡೂ ಕಡೆ ಕೊಡಿ. ಕಾರವಾರ, ಕುಮಟಾದಂಥ ಕಡೆ ಹೆದ್ದಾರಿ 66ರ ಅಂಚಿನಲ್ಲಿದ್ದರೆ ಹೆದ್ದಾರಿ ಪ್ರಾಧಿಕಾರಕ್ಕೂ ಒಂದು ಪ್ರತಿ ಹೋಗಲಿ.

‘ಊರು ಅಂದಗೆಡುತ್ತಿದೆ’ ಎಂದಷ್ಟೇ ಬರೆದರೆ ಅರ್ಜಿ ಕಡತಕ್ಕೆ ಸೇರಿ ಮಲಗುತ್ತದೆ. ಎರಡು ಕಾರಣ ಸ್ಪಷ್ಟವಾಗಿ ಬರೆಯಿರಿ. ಕರ್ನಾಟಕ ಪೌರಸಭೆಗಳ ಕಾಯ್ದೆ 1964ರ ಪ್ರಕಾರ ಜಾಹೀರಾತು ಹಾಕಲು ಲಿಖಿತ ಅನುಮತಿ ಬೇಕು. 2016ರ ಮಾರ್ಚ್‌ನ ಸರ್ಕಾರಿ ಅಧಿಸೂಚನೆ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನೇ ನಿಷೇಧಿಸಿದೆ. ಜೊತೆಗೆ ಎರಡು ಫೋಟೊ ಇರಲಿ: ಒಂದು ದೂರದಿಂದ, ಅಕ್ಕಪಕ್ಕದ ಅಂಗಡಿ ಬೋರ್ಡೂ ಕಾಣುವಂತೆ, ಇನ್ನೊಂದು ಗಾಡಿ ಓಡಿಸುವವರ ಕಣ್ಣಿನ ಎತ್ತರದಿಂದ, ತಿರುವು ಹೇಗೆ ಮುಚ್ಚಿಹೋಗಿದೆ ಎಂದು ತೋರಿಸುವಂತೆ. ಈ ಎರಡನೆಯ ಫೋಟೊವೇ ಮುಖ್ಯ. ಕಂಬದ ಮೇಲೆ ನಂಬರ್ ಇದ್ದರೆ ಅದನ್ನೂ ಬರೆಯಿರಿ. ಸೀಲು, ತಾರೀಕು ಇರುವ ಸ್ವೀಕೃತಿ ಪಡೆಯದೆ ಬರಬೇಡಿ.

ಹದಿನೈದು ದಿನವಾದರೂ ಅಲುಗದಿದ್ದರೆ ಮಾಹಿತಿ ಹಕ್ಕಿನ ‘ನಮೂನೆ ಎ’ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆ ತಿರುವಿನ ಫ್ಲೆಕ್ಸಿಗೆ ಕೊಟ್ಟ ಅನುಮತಿ ಪತ್ರದ ನಕಲು ಮತ್ತು ಅವಧಿ, ಇಷ್ಟನ್ನೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಫ್ಲೆಕ್ಸ್ ಇಳಿಸುವ ದಿನ ನೀವು ಅಲ್ಲಿರುವುದು ಒಳ್ಳೆಯದು. ಇಳಿಸುವವರು ಫ್ಲೆಕ್ಸನ್ನಷ್ಟೇ ಹರಿದುಕೊಂಡು ಹೋಗುತ್ತಾರೆ, ಕಟ್ಟಿದ ತಂತಿ ಮರದಲ್ಲೇ ಉಳಿಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗಿಳಿಯುವುದು ತೊಗಟೆಯ ಒಳಪದರದಲ್ಲಿ. ಮರ ದಪ್ಪವಾದಂತೆ ತಂತಿ ಅಲ್ಲೇ ಹೂತು ಆ ದಾರಿಯನ್ನು ಹಿಸುಕುತ್ತದೆ. ಆದ್ದರಿಂದ ತಂತಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ತೆಗೆಸಿ. ಮೊಳೆ ಹೊಡೆದಿದ್ದರೆ ಸುತ್ತಿಗೆಯ ಅಡಿಗೆ ಮರದ ತುಂಡಿಟ್ಟು ನೇರವಾಗಿ, ನಿಧಾನ ಎಳೆಯಬೇಕು. ಅಡ್ಡ ಅಲುಗಿಸಿದರೆ ಗಾಯ ದೊಡ್ಡದಾಗುತ್ತದೆ. ತೊಗಟೆ ಪೂರ್ತಿ ಮುಚ್ಚಿಕೊಂಡ ಮೊಳೆಯನ್ನು ಹಾಗೇ ಬಿಡಿ. ಗಾಯಕ್ಕೆ ಡಾಂಬರು, ಪೇಂಟು ಬಳಿಯುವುದು ಬೇಡ.

ಇಳಿಸಿದ ಫ್ಲೆಕ್ಸ್ ಕಟ್ಟಿಗೆ ರಾಶಿಗೆ ಮುಚ್ಚಿಗೆಯಾದರೆ ಅಡ್ಡಿಯಿಲ್ಲ. ಆದರೆ ಹರಿದ ಮೇಲೆ ಅದು ಬಚ್ಚಲೊಲೆಗೆ ಹೋಗಬಾರದು. ಫ್ಲೆಕ್ಸ್ ಎಂದರೆ ಪಿವಿಸಿ ಲೇಪಿಸಿದ ಪಾಲಿಯೆಸ್ಟರ್. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷಗಳು ಹೊರಬರುತ್ತವೆ. ಅದೇ ಒಲೆಯ ಬೂದಿಯನ್ನು ನಾವು ತೋಟಕ್ಕೆ ಹಾಕುತ್ತೇವೆ. ಮಡಚಿ ಒಣಕಸದ ಗಾಡಿಗೆ ಕೊಡಿ.