ದ್ರಾಕ್ಷಿತೋಟದ ನಡುವಿನ ರಿವಾ: ಈ ಊರು ಯಾಕೆ ಬೆಳೆಯಲಿಲ್ಲ?

ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ಉತ್ತರ ದಡದಲ್ಲಿ, ಲೊಸಾನ್ ಮತ್ತು ವೆವೆ ನಗರಗಳ ನಡುವೆ ರಿವಾ ಅಂತ ಒಂದು ಊರಿದೆ. ಊರಿನ ಒಟ್ಟು ವಿಸ್ತೀರ್ಣ ಒಂದು ಚದರ ಕಿಲೋಮೀಟರಿನ ಮೂರನೇ ಒಂದು ಭಾಗದಷ್ಟೇ. ಜನ 350ರ ಆಸುಪಾಸು. ಕಿಟಕಿ ತೆಗೆದರೆ ಸರೋವರ, ಆಚೆ ದಡದಲ್ಲಿ ಆಲ್ಪ್ಸ್. ಪಕ್ಕದಲ್ಲೇ ದೊಡ್ಡ ನಗರ, ಊರಿಗೇ ರೈಲು ನಿಲ್ದಾಣ. ಇಂಥ ಕಡೆ ಮನೆ ಕಟ್ಟೋಕೆ ದುಡ್ಡಿದ್ದವರು ಮುಗಿಬೀಳಬೇಕು, ಅಲ್ವಾ? ಆದರೂ ರಿವಾ ಹಳ್ಳಿಯಾಗಿಯೇ ಉಳಿದಿದೆ.

ಇದಕ್ಕೆ ಮೊದಲ ಕಾರಣ ನೆಲ. ಲಾವೋ ಎಂದು ಕರೆಯುವ ಈ ಸೀಮೆ ಪೂರ್ತಿ ಕಡಿದಾದ ಇಳಿಜಾರು. 12ನೇ ಶತಮಾನದಲ್ಲಿ ಲೊಸಾನ್‌ನ ಬಿಷಪ್ ಇಲ್ಲಿನ ಜಮೀನನ್ನು ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳಿಗೆ ಕೊಟ್ಟರು. ಅವರ ಕಾಲದಲ್ಲಿ ಕಾಡು ಕಡಿದು, ಕಲ್ಲಿನ ಗೋಡೆ ಕಟ್ಟಿ, ದ್ರಾಕ್ಷಿ ಬೆಳೆಯೋಕೆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡುವ ಕೆಲಸ ಶುರುವಾಯಿತು. 1536ರಲ್ಲಿ ಸ್ವಿಸ್ ನಗರ ಬರ್ನ್‌ನವರು ಈ ನಾಡನ್ನು ಗೆದ್ದುಕೊಂಡರು. ಆಳುವವರು ಬದಲಾದರೂ ದ್ರಾಕ್ಷಿ ಮುಂದುವರಿಯಿತು.

ಇಲ್ಲಿನ ಮುಖ್ಯ ತಳಿ ಶಾಸೆಲಾ, ಬಿಳಿ ವೈನಿನ ದ್ರಾಕ್ಷಿ. ಅದಕ್ಕೆ ಮೂರು ಸೂರ್ಯರ ಬಿಸಿಲು ಸಿಗುತ್ತದೆ ಅಂತ ಬೆಳೆಗಾರರು ಹೇಳುತ್ತಾರೆ: ಆಕಾಶದ ಸೂರ್ಯ, ಸರೋವರದ ನೀರಿನಿಂದ ಮರಳಿ ಬರುವ ಬೆಳಕು, ಹಗಲೆಲ್ಲ ಕಾದು ರಾತ್ರಿ ಶಾಖ ಬಿಡುವ ಕಲ್ಲುಗೋಡೆ. ಕೇಳೋಕೆ ಸೊಗಸು, ಆದರೆ ದುಡಿಮೆ ಮಾತ್ರ ಬೆನ್ನು ಮುರಿಯುವಂಥದ್ದು. ಮಳೆಗೆ ಮಣ್ಣು ಜಾರಿ ತಾಕಿನ ಕೆಳಗಿನ ಅಂಚಿಗೆ ಬಂದು ಸೇರುತ್ತದೆ. ಹಿಂದೆ ಅದನ್ನು ಬುಟ್ಟಿಗೆ ತುಂಬಿ, ಬೆನ್ನಿಗೆ ಹಾಕಿಕೊಂಡು, ಮೆಟ್ಟಿಲು ಹತ್ತಿ ಮೇಲಿನ ತುದಿಗೆ ಸುರಿಯುತ್ತಿದ್ದರು. ಹೀಗೆ ಬುಟ್ಟಿ ಬುಟ್ಟಿ ಹೊತ್ತು ಉಳಿಸಿಕೊಂಡ ಮಣ್ಣಿನ ಮೇಲೆ ಸುಮ್ನೆ ಮನೆ ಕಟ್ಟೋಕೆ ಯಾರಿಗೆ ಮನಸ್ಸು ಬಂದೀತು? ಅದಕ್ಕೇ ರಿವಾದ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಊರು ಒತ್ತೊತ್ತಾದಷ್ಟೂ ಬಳ್ಳಿಗೆ ಜಾಗ ಜಾಸ್ತಿ.

1861ರಲ್ಲಿ ದಡದುದ್ದಕ್ಕೂ ರೈಲು ಬಂತು. 1970ರ ದಶಕದಲ್ಲಿ ಗುಡ್ಡದ ಮೇಲುಗಡೆ ಹೆದ್ದಾರಿ ಬಂತು. ಲೊಸಾನ್‌ನ ಅಂಚು ಹಿಗ್ಗುತ್ತಿತ್ತು. ಲಾವೋದ ಇಳಿಜಾರಿನಲ್ಲೂ ಹೊಸ ಮನೆಗಳು ಏಳತೊಡಗಿದವು. ಆಗ ಪರಿಸರ ಹೋರಾಟಗಾರ ಫ್ರಾಂಜ್ ವೇಬರ್ ಈ ವಿಷಯವನ್ನು ಜನರ ಮುಂದಿಟ್ಟರು. 1977ರಲ್ಲಿ, ಲಾವೋ ಸೇರಿರುವ ವೋ ಪ್ರಾಂತ್ಯದ ಮತದಾರರು ಲಾವೋವನ್ನು ಉಳಿಸಬೇಕು ಎಂದು ಮತ ಹಾಕಿದರು. ಆ ರಕ್ಷಣೆ ಪ್ರಾಂತ್ಯದ ಸಂವಿಧಾನಕ್ಕೇ ಸೇರಿತು. 1979ರಲ್ಲಿ ಪ್ರತ್ಯೇಕ ಕಾನೂನು ಬಂತು. ದ್ರಾಕ್ಷಿತೋಟದಲ್ಲಿ ಮನೆ ಕಟ್ಟುವ ದಾರಿ ಬಹುಮಟ್ಟಿಗೆ ಮುಚ್ಚಿತು.

2003ರ ಹೊಸ ಸಂವಿಧಾನದಲ್ಲಿ ಆ ಅಂಶ ಇರಲಿಲ್ಲ. ಅದನ್ನು ಮತ್ತೆ ಸೇರಿಸಲು ಜನಮತ ನಡೆಯಲಿ ಅಂತ ವೇಬರ್ ಸಹಿ ಸಂಗ್ರಹಿಸಿದರು. 2005ರಲ್ಲಿ ಜನ ಭಾರೀ ಬಹುಮತದಿಂದ ಒಪ್ಪಿದರು. 2007ರಲ್ಲಿ ಯುನೆಸ್ಕೊ ಲಾವೋವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಇನ್ನೂ ಬಿಗಿಯಾದ ನಿಯಮ ಕೇಳಿದ ಮೂರನೇ ಪ್ರಸ್ತಾವ 2014ರಲ್ಲಿ ಸೋತಿತು. ವಿರೋಧಿಸಿದವರಲ್ಲಿ ಬೆಳೆಗಾರರೂ ಇದ್ದರು. ಅವರ ಮಾತಲ್ಲಿ ನ್ಯಾಯ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಯಂತ್ರ ಇಡೋಕೆ ಒಂದು ಶೆಡ್, ವೈನ್ ಮಾಡೋಕೆ ದೊಡ್ಡ ನೆಲಮಾಳಿಗೆ, ಮಗಳೋ ಮಗನೋ ಊರಲ್ಲೇ ಉಳಿಯೋಕೆ ಒಂದು ಮನೆ: ಇದಕ್ಕೂ ಅಡ್ಡಿಯಾದರೆ ಗೋಡೆ ರಿಪೇರಿ ಮಾಡೋರು ಯಾರು? ಆ ಸಲ ವೇಬರ್ ಪ್ರಸ್ತಾವಕ್ಕೆ ಬದಲಾಗಿ ಸರ್ಕಾರ ಮುಂದಿಟ್ಟ ಮೃದುವಾದ ಕರಡಿಗೆ ಜನ ಒಪ್ಪಿಗೆ ಕೊಟ್ಟರು.

ಈ ನಡುವೆ, 2011ರಲ್ಲಿ ಕ್ಯುಲಿ, ಎಪೆಸ್ ಸೇರಿದಂತೆ ಹತ್ತಿರದ ಐದು ಊರುಗಳು ಸೇರಿ ಬೂರ್-ಆನ್-ಲಾವೋ ಎಂಬ ಒಂದೇ ಆಡಳಿತವಾದವು. ರಿವಾ ಆ ಗುಂಪಿಗೆ ಸೇರಲಿಲ್ಲ.