ಸಿಒಪಿಡಿ ರೋಗಿಯ ಆರೈಕೆ ಊರಿನಲ್ಲೇ ಸಾಧ್ಯವೇ?

ಪ್ರಶ್ನೆ: ನಮ್ಮದು ಇಳಕಲ್ ಸಮೀಪದ ಹಳ್ಳಿ. ತಂದೆಯವರಿಗೆ ಬಹಳ ವರ್ಷಗಳಿಂದ ದಮ್ಮು ಇದೆ. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ರೋಗ) ಎಂದು ಚಿಕಿತ್ಸೆ ಕೊಟ್ಟು, ಮುಂದಿನ ಆರೈಕೆಯನ್ನು ಊರಿನ ಆರೋಗ್ಯ ಕೇಂದ್ರದಲ್ಲೇ ಪಡೆಯಿರಿ ಎಂದು ಕಳುಹಿಸಿದ್ದಾರೆ. ಇದು ಕೈಬಿಟ್ಟಂತಲ್ಲವೇ?

ಉತ್ತರ: ಊರಿನಲ್ಲಿ ಆಗಬೇಕಾದ ಕೆಲಸಗಳು ನಿಜವಾಗಿ ನಡೆದರೆ ಅದು ಕೈಬಿಟ್ಟಂತಲ್ಲ. ಬೀಡಿ, ಕಟ್ಟಿಗೆ ಒಲೆಯ ಹೊಗೆ, ಕಲ್ಲುಗಣಿಯ ದೂಳು ಇವುಗಳಿಂದ ವರ್ಷಾನುಗಟ್ಟಲೆ ಹಾನಿಗೊಂಡ ಶ್ವಾಸಕೋಶ ಮೊದಲಿನಂತಾಗುವುದಿಲ್ಲ. ಆಸ್ಪತ್ರೆ ಉಲ್ಬಣವನ್ನು ಶಮನಗೊಳಿಸುತ್ತದೆ. ಮುಂದಿನ ಉಲ್ಬಣವನ್ನು ತಡೆಯುವ ಕೆಲಸ ಮಾತ್ರ ರೋಗಿ ದಿನ ಕಳೆಯುವ ಮನೆಯಲ್ಲೇ ಆಗಬೇಕು.

ಔಷಧ ಸೇದುವ ಪಂಪನ್ನು ಬಹಳ ಮಂದಿ ತಪ್ಪಾಗಿ ಬಳಸುತ್ತಾರೆ. ಒತ್ತಿ ಬಳಸುವ ಪಂಪಾದರೆ ನಿಧಾನವಾಗಿ, ಪುಡಿಯ ಕ್ಯಾಪ್ಸೂಲ್ ಹಾಕುವಂಥದ್ದಾದರೆ ರಭಸದಿಂದ ಎಳೆದುಕೊಂಡು, ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು. ಇಲ್ಲವಾದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಆಯುಷ್ಮಾನ್ ಆರೋಗ್ಯ ಮಂದಿರದ (ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರ) ಸಮುದಾಯ ಆರೋಗ್ಯ ಅಧಿಕಾರಿಯ ಎದುರು ತಂದೆಯವರು ಒಮ್ಮೆ ಪಂಪು ಬಳಸಿ ತೋರಿಸಲಿ.

ಇನ್ನೊಂದು ಮುಖ್ಯ ಸಂಗತಿ ನಡಿಗೆ. ಏದುಸಿರು ಬರುತ್ತದೆಂದು ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿಬಿಡುವುದು ಪ್ರೀತಿಯಿಂದಲೇ, ಆದರೆ ಅದರಿಂದ ಕಾಲಿನ ಸ್ನಾಯುಗಳು ಸೊರಗಿ, ಸ್ವಲ್ಪ ದೂರದ ನಡಿಗೆಗೂ ಮೊದಲಿಗಿಂತ ಹೆಚ್ಚು ದಮ್ಮು ಹತ್ತುತ್ತದೆ. ಮೇಲ್ವಿಚಾರಣೆಯಲ್ಲಿ 6ರಿಂದ 8 ವಾರ ನಡೆಸುವ ವ್ಯಾಯಾಮ ಮತ್ತು ಉಸಿರಾಟದ ತರಬೇತಿಯನ್ನು ಆಸ್ಪತ್ರೆಯಿಂದ ಬಂದ 4 ವಾರಗಳೊಳಗೆ ಆರಂಭಿಸಿದರೆ ಮರುದಾಖಲಾತಿ ಕಡಿಮೆಯಾಗುತ್ತದೆ. ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಶಾಲೆಯ ಪಡಸಾಲೆ, ಒಂದು ಕುರ್ಚಿ, ತರಬೇತಾದ ಒಬ್ಬರಿದ್ದರೆ ಸಾಕು. ಇಂಥ ವ್ಯವಸ್ಥೆ ನಮ್ಮ ಹಳ್ಳಿಗಳಿಗೆ ಇನ್ನೂ ಅಪರೂಪವಾಗಿರುವುದು ನೋವಿನ ಸಂಗತಿ.

ಪಂಪಿನ ಔಷಧವೂ ಹತ್ತಿರದಲ್ಲೇ, ಪ್ರತಿ ತಿಂಗಳೂ ಸಿಗಬೇಕು. ಔಷಧ ಕೊಡದೆ ಆರೈಕೆಯನ್ನು ಊರಿಗೆ ವರ್ಗಾಯಿಸಿದರೆ ಅದು ಕುಟುಂಬದ ಮೇಲೆ ಹೊರೆ ಹಾಕಿದಂತೆಯೇ ಸರಿ.

ಸ್ಪೈರೋಮೆಟ್ರಿಯಿಂದ (ಉಸಿರು ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ರೋಗವನ್ನು ಖಚಿತಪಡಿಸುವುದಕ್ಕೆ, ಮನೆಯಲ್ಲಿ ಆಮ್ಲಜನಕ ಬೇಕೇ ಎಂದು ನಿರ್ಧರಿಸುವುದಕ್ಕೆ ಆಸ್ಪತ್ರೆಯೇ ಬೇಕು. ಕಫ ಹೆಚ್ಚಾಗಿ ಹಳದಿ ಅಥವಾ ಹಸಿರಾದರೆ ಅಂದೇ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ತುಟಿ ನೀಲಿಗಟ್ಟಿದರೆ, ಮಾತನಾಡಲಾಗದಷ್ಟು ಏದುಸಿರಾದರೆ, ಮಂಪರು ಕವಿದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಬಂದವರಿಗೆ ಇದು ಸಿಒಪಿಡಿ ಎಂದು ತಪ್ಪದೆ ತಿಳಿಸಿ. ಇಂಥ ರೋಗಿಗೆ ಆಮ್ಲಜನಕ ಕೊಡುವಾಗ ರಕ್ತದಲ್ಲಿನ ಅದರ ಮಟ್ಟವನ್ನು ಸಾಮಾನ್ಯವಾಗಿ 88ರಿಂದ 92 ಶೇಕಡದೊಳಗೆ ಇರಿಸಲಾಗುತ್ತದೆ, ಅತಿಯಾದರೆ ಅದರಿಂದಲೂ ಅಪಾಯವಿದೆ.