ಪಾದದಿಂದ ಉಸಿರಿನವರೆಗೆ: ಜಿಬಿಎಸ್ ಎಂಬ ಕಾಯಿಲೆಯನ್ನು ಗುರುತಿಸಿದ ಕಥೆ

ಮೊದಲ ದಿನ ಪಾದಗಳಲ್ಲಿ ಜೋಮು. ಮರುದಿನ ಮೆಟ್ಟಿಲು ಹತ್ತಲು ಆಸರೆ ಬೇಕು. ಮೂರನೆಯ ದಿನ ಕುಳಿತಲ್ಲಿಂದ ಏಳಲು ಇನ್ನೊಬ್ಬರು ಕೈ ಕೊಡಬೇಕು. ಎರಡು ವಾರದ ಹಿಂದೆ ಬಂದುಹೋದ ಭೇದಿಯೋ ಜ್ವರವೋ ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಲಕ್ವ ಎಂದರೆ ಮೈಯ ಒಂದು ಪಕ್ಕ ಬೀಳುವುದು ಎಂದಷ್ಟೇ ತಿಳಿದವರಿಗೆ, ಎರಡೂ ಕಾಲು ಒಟ್ಟಿಗೆ ಸೋಲುವುದು ಬರೀ ನಿಶ್ಶಕ್ತಿಯಂತೆ ತೋರುತ್ತದೆ. ಎರಡು ದಿನ ಮಲಗಿದರೆ ಸರಿಹೋದೀತು ಎಂಬ ಮಾತಿನಲ್ಲೇ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ.

ಇದು ಗಿಲನ್-ಬಾರೆ ಸಿಂಡ್ರೋಮ್. ಜಿಬಿಎಸ್ ಎಂದೇ ಹೆಚ್ಚು ಬಳಕೆ. ವರ್ಷಕ್ಕೆ ಲಕ್ಷಕ್ಕೆ ಒಬ್ಬರು ಅಥವಾ ಇಬ್ಬರಿಗೆ ಬರುವ ಅಪರೂಪದ ಕಾಯಿಲೆ. ಸೋಂಕಿನ ವಿರುದ್ಧ ಎದ್ದು ನಿಂತ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ, ಬೆನ್ನುಹುರಿಯಿಂದ ಕೈಕಾಲುಗಳಿಗೆ ಹೋಗುವ ನರಗಳ ಮೇಲೆಯೇ ಬೀಳುತ್ತದೆ.

1859ರಲ್ಲಿ ಪ್ಯಾರಿಸ್‌ನ ವೈದ್ಯ ಲಾಂದ್ರಿ, ಕಾಲಿನಿಂದ ಮೇಲಕ್ಕೇರಿ ಉಸಿರಾಟದ ಸ್ನಾಯುಗಳನ್ನೂ ಹಿಡಿಯುವ ಒಂದು ಪಾರ್ಶ್ವವಾಯುವನ್ನು ವಿವರಿಸಿದ. ಕಾರಣ ಮಾತ್ರ ಅವನ ಕೈಗೆ ಸಿಗಲಿಲ್ಲ. ಮುಂದಿನ ಸುಳಿವು ಸಿಕ್ಕಿದ್ದು ಮೊದಲ ಮಹಾಯುದ್ಧದ ನಡುವೆ. 1916ರಲ್ಲಿ ಫ್ರೆಂಚ್ ಸೇನೆಯ ವೈದ್ಯರಾದ ಗಿಲನ್, ಬಾರೆ ಮತ್ತು ಸ್ಟ್ರೋಲ್ ಇಬ್ಬರು ಸೈನಿಕರನ್ನು ಪರೀಕ್ಷಿಸಿದರು. ಒಬ್ಬ ಸೈನಿಕ ಬೆನ್ನಿಗೆ ಸಾಮಾನಿನ ಹೊರೆ ಏರಿಸಲು ಹೋಗಿ ಬಿದ್ದವನು ಮತ್ತೆ ಏಳಲಾಗಿರಲಿಲ್ಲ. ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮುತ್ತಿರಲಿಲ್ಲ. ಬೆನ್ನುಹುರಿಯ ದ್ರವ ತೆಗೆದು ನೋಡಿದಾಗ ಪ್ರೋಟೀನ್ ಹೆಚ್ಚಿತ್ತು, ಆದರೆ ಸೋಂಕಿದ್ದರೆ ಹೆಚ್ಚಬೇಕಾದ ಜೀವಕೋಶಗಳು ಹೆಚ್ಚಿರಲಿಲ್ಲ. ಇಂದಿಗೂ ವೈದ್ಯರು ಹುಡುಕುವುದು ಇದೇ ಜೋಡಿ ಗುರುತನ್ನು. ನರ ಮತ್ತು ಸ್ನಾಯುಗಳ ವಿದ್ಯುತ್ ಪರೀಕ್ಷೆ ಮಾಡಿದ ಸ್ಟ್ರೋಲ್ ಹೆಸರು ಮುಂದೆ ಕಾಯಿಲೆಯ ಹೆಸರಿನಿಂದ ಬಿದ್ದುಹೋಯಿತು. ಇದು ಅನ್ಯಾಯವೆಂದೇ ನನ್ನ ಎಣಿಕೆ.

ಆ ಇಬ್ಬರೂ ಚೇತರಿಸಿಕೊಂಡರು. ಅದೇ ಒಂದು ತಪ್ಪು ತಿಳಿವಳಿಕೆಗೂ ದಾರಿಯಾಯಿತು. ತಾನು ಕಂಡದ್ದು ಸೌಮ್ಯ ಕಾಯಿಲೆ, ಜೀವ ತೆಗೆಯುವ ಲಾಂದ್ರಿಯ ಪಾರ್ಶ್ವವಾಯುವೇ ಬೇರೆ ಎಂದು ಗಿಲನ್ ಬಹುಕಾಲ ವಾದಿಸಿದ. ಎರಡೂ ಒಂದೇ ಎಂಬ ಮಾತಿಗೆ ಬಲ ಬಂದದ್ದು 1949ರಲ್ಲಿ, ಅಮೆರಿಕದಲ್ಲಿ ಹೇಮೇಕರ್ ಮತ್ತು ಕೆರ್ನೋಹನ್ ಈ ಕಾಯಿಲೆಯಿಂದ ಸತ್ತ 50 ಜನರ ನರಗಳ ಅಧ್ಯಯನವನ್ನು ಪ್ರಕಟಿಸಿದಾಗ.

ಸಾಯುವವರು ಸಾಯುತ್ತಿದ್ದುದು ಮುಖ್ಯವಾಗಿ ಉಸಿರು ನಿಂತು. ಅದನ್ನು ತಡೆಯುವ ದಾರಿ ತೋರಿಸಿದ್ದು ಇನ್ನೊಂದು ಕಾಯಿಲೆ. 1952ರ ಪೋಲಿಯೊ ಪಿಡುಗಿನಲ್ಲಿ ಕೋಪನ್‌ಹೇಗನ್‌ನ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒತ್ತಿ ರೋಗಿಗಳಿಗೆ ಹಗಲೂ ರಾತ್ರಿ ಉಸಿರು ತುಂಬಿದರು. ತೀವ್ರ ನಿಗಾ ಘಟಕ ಹುಟ್ಟಿದ್ದು ಆ ಅನುಭವದಿಂದ. ಜಿಬಿಎಸ್ ರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಅವರ ಬದುಕು ಆ ವಿದ್ಯಾರ್ಥಿಗಳ ಕೈಗಳಿಗೆ ಋಣಿ.

1976ರಲ್ಲಿ ಕಾಯಿಲೆಯ ಹೆಸರು ಪತ್ರಿಕೆಗಳಿಗೆ ಬಂತು. ಹಂದಿಜ್ವರದ ಭಯದಿಂದ ಅಮೆರಿಕ 4 ಕೋಟಿಗೂ ಹೆಚ್ಚು ಜನರಿಗೆ ಲಸಿಕೆ ಹಾಕಿತು. ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ ಸುಮಾರು ಒಬ್ಬರಂತೆ ಹೆಚ್ಚುವರಿ ಜಿಬಿಎಸ್ ಪ್ರಕರಣಗಳು ಕಂಡವು, ಡಿಸೆಂಬರ್‌ನಲ್ಲಿ ಅಭಿಯಾನ ನಿಂತಿತು. ಆ ಅಂಜಿಕೆ ಇನ್ನೂ ಹೋಗಿಲ್ಲ. ಆದರೆ ಇನ್‌ಫ್ಲುಯೆಂಜಾ ಸೋಂಕಿನಿಂದ ಜಿಬಿಎಸ್ ಬರುವ ಅಪಾಯ ಇಂದಿನ ಫ್ಲೂ ಲಸಿಕೆಯದಕ್ಕಿಂತ ಹೆಚ್ಚು. ಲಸಿಕೆಯನ್ನು ದೂರುವಾಗ ಇದನ್ನು ಮರೆಯಬಾರದು.

ನಿಜವಾದ ದೊಡ್ಡ ಆರೋಪಿ ಹೊಟ್ಟೆಯಲ್ಲಿತ್ತು. ಸರಿಯಾಗಿ ಬೇಯದ ಕೋಳಿಮಾಂಸ, ಕಾಯಿಸದ ಹಾಲು, ಕೊಳಕು ನೀರಿನಿಂದ ಬರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಉತ್ತರ ಚೀನಾದ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಮಕ್ಕಳು ಹೀಗೆ ನೆಲ ಹಿಡಿಯುತ್ತಿದ್ದರು. 1990ರ ದಶಕದ ಅಧ್ಯಯನಗಳು ಅದರ ನಂಟನ್ನು ಈ ಬ್ಯಾಕ್ಟೀರಿಯಾಗೆ ಕಟ್ಟಿದವು. ಅದರ ಹೊರಮೈಯ ಸಕ್ಕರೆಯ ಅಣು ನಮ್ಮ ನರಗಳ ಮೇಲಿನ ಗ್ಯಾಂಗ್ಲಿಯೊಸೈಡ್ ಅಣುವನ್ನು ಹೋಲುತ್ತದೆ. ಒಂದಕ್ಕೆಂದು ತಯಾರಾದ ಪ್ರತಿಕಾಯ ಇನ್ನೊಂದನ್ನೂ ಹಿಡಿಯುತ್ತದೆ. ಜಪಾನಿನ ನೊಬುಹಿರೊ ಯುಕಿ ಇದನ್ನು ಹಂತಹಂತವಾಗಿ ತೋರಿಸಿಕೊಟ್ಟರು. ಸೋಂಕು ತಗಲಿದ ಸಾವಿರದಲ್ಲಿ ಸುಮಾರು ಒಬ್ಬರಿಗಷ್ಟೇ ಹೀಗಾಗುತ್ತದೆ. 2013–14ರಲ್ಲಿ ಫ್ರೆಂಚ್ ಪಾಲಿನೇಷ್ಯಾದಲ್ಲಿ ಜೀಕಾ ವೈರಸ್ಸಿನ ಬೆನ್ನಿಗೂ ಜಿಬಿಎಸ್ ಬಂತು.

ಔಷಧದ ವಿಷಯದಲ್ಲಿ ಎಲ್ಲರ ನಿರೀಕ್ಷೆ ಸ್ಟೀರಾಯ್ಡ್ ಮೇಲಿತ್ತು. ಅದರಿಂದ ಪ್ರಯೋಜನವಿಲ್ಲವೆಂದು ಪ್ರಯೋಗಗಳೇ ಹೇಳಿದವು. 1985ರಲ್ಲಿ ಪ್ಲಾಸ್ಮಾ ಬದಲಾವಣೆ, ಅಂದರೆ ರಕ್ತದ ದ್ರವಭಾಗವನ್ನು ತೆಗೆದು ಬದಲಿಸುವುದು, 1992ರಲ್ಲಿ ರಕ್ತನಾಳದ ಮೂಲಕ ಕೊಡುವ ಇಮ್ಯುನೊಗ್ಲಾಬ್ಯುಲಿನ್, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು, ಪರಿಣಾಮಕಾರಿ ಎಂದು ಸಾಬೀತಾಯಿತು. ಎರಡರಲ್ಲಿ ಒಂದು ಸಾಕು, ಆದರೆ ಬೇಗ ಶುರುವಾಗಬೇಕು. ಎಂಟು ವಾರ ದಾಟಿಯೂ ಬಲ ಕುಗ್ಗುತ್ತಲೇ ಹೋದರೆ ಅದು ಹೆಚ್ಚಾಗಿ ಸಿಐಡಿಪಿ ಎಂಬ ದೀರ್ಘಕಾಲದ ದಾಯಾದಿ. ಅದಕ್ಕೆ ಮಾತ್ರ ಸ್ಟೀರಾಯ್ಡ್ ಕೆಲಸ ಮಾಡುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಹಾಸಿಗೆಯ ಪಕ್ಕದಲ್ಲಿ ಬಲು ಸರಳವಾದ ಒಂದು ಪರೀಕ್ಷೆ ಉಳಿದಿದೆ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲು ಹೇಳುತ್ತಾರೆ. ಬೆಳಿಗ್ಗೆ ಮೂವತ್ತು ದಾಟಿದವರು ಸಂಜೆಗೆ ಹದಿನೈದರಲ್ಲೇ ನಿಂತರೆ ದಾದಿಯರು ಸುಮ್ಮನೆ ಕೂರುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ ಆಗಲೂ ಚೆನ್ನಾಗಿಯೇ ಇದ್ದೀತು, ಅದು ಇಳಿಯುವುದು ತೀರ ತಡವಾಗಿ.

ಹೆಚ್ಚಿನವರು ಮತ್ತೆ ನಡೆಯುತ್ತಾರೆ. ಆರು ತಿಂಗಳಾದರೂ ಆಸರೆಯಿಲ್ಲದೆ ನಡೆಯಲಾಗದವರು ಐವರಲ್ಲಿ ಒಬ್ಬರು. ನರದ ಕವಚಕ್ಕಷ್ಟೇ ಪೆಟ್ಟಾಗಿದ್ದರೆ ವಾರಗಳಲ್ಲಿ, ತಿಂಗಳುಗಳಲ್ಲಿ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ಒಳಗಿನ ಎಳೆಯೇ ಕಡಿದಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯಬೇಕು. ಸೊಂಟದಿಂದ ಪಾದಕ್ಕೆ ಹತ್ತಿರಹತ್ತಿರ ಒಂದು ಮೀಟರ್ ದಾರಿ.